ಅಮ್ಮನ ದುಡಿಮೆಯ ಅನ್ನ ಉಣ್ಣುವುದು ಅಪರಾಧವೇ? ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಲೈಂಗಿಕ ವೃತ್ತಿಯ ಕಾನೂನು ಹಾಗೂ ಸಮಾಜದ ಧೋರಣೆಯ ಬಗೆಗಿನ ಪ್ರಶ್ನೆಗಳಿಗೆ ನಮ್ಮ ಬಳಗದ ವಕೀಲರೊಬ್ಬರು ಇಂದು ಉತ್ತರಿಸಲಿದ್ದಾರೆ. ವಿಷಯ ಸೂಕ್ಷ್ಮವಾದುದರಿಂದ ಹೆಸರುಗಳನ್ನು ತೆಗೆದು ಊರನ್ನಷ್ಟೇ ಉಳಿಸಿದ್ದೇವೆ.

ತುಮಕೂರು: ನಮಸ್ಕಾರ ಮೇಡಂ. ಸುಪ್ರೀಂ ಕೋರ್ಟ್ 2022ರಲ್ಲಿ ವೇಶ್ಯಾವೃತ್ತಿಯನ್ನು ಕಾನೂನುಬದ್ಧಗೊಳಿಸಿತು ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವೇ?

ವಕೀಲರು: ನಮಸ್ಕಾರ. ನಿಜವಲ್ಲ. ವಯಸ್ಕ ಹೆಣ್ಣು ಸ್ವಂತ ಇಚ್ಛೆಯಿಂದ ಈ ವೃತ್ತಿ ಮಾಡುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಮೊದಲಿನಿಂದಲೂ ತಾನಾಗಿಯೇ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಹೆಣ್ಣನ್ನು ತಂದು ದಂಧೆಗೆ ಇಳಿಸುವುದು, ಬೀದಿಯಲ್ಲಿ ಗಿರಾಕಿಗಳನ್ನು ಕರೆಯುವುದು, ಶಾಲೆ, ಆಸ್ಪತ್ರೆ, ದೇವಸ್ಥಾನಗಳ 200 ಮೀಟರ್ ಒಳಗೆ ವೃತ್ತಿ ನಡೆಸುವುದು ಅಪರಾಧ. 2022ರ ಮೇ 19ರ ಆದೇಶವು ಸಮಿತಿಯೊಂದರ ಶಿಫಾರಸುಗಳಲ್ಲಿ ಕೆಲವನ್ನು ಪಾಲಿಸಲೇಬೇಕೆಂದು ಹೇಳಿತು: ಈ ಮಹಿಳೆಯರ ಗುರುತನ್ನು ಮಾಧ್ಯಮಗಳು ಬಯಲು ಮಾಡಬಾರದು, ಕಾಂಡೋಮ್ ಇಟ್ಟುಕೊಂಡಿದ್ದನ್ನು ಅಪರಾಧದ ಸಾಕ್ಷ್ಯವೆಂದು ನೋಡಬಾರದು. ಬೇರೆ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ಆಕ್ಷೇಪ ಸೂಚಿಸಿತ್ತು.

ಅನಾಮಧೇಯ (ನಿರ್ವಾಹಕರ ಮೂಲಕ): ಬರುವ ತಿಂಗಳು ನನಗೆ 18 ತುಂಬುತ್ತದೆ. ಬಿ.ಕಾಂ. ಮೊದಲ ವರ್ಷದಲ್ಲಿದ್ದೇನೆ. ಅಮ್ಮ ಈ ವೃತ್ತಿಯಲ್ಲಿದ್ದಾರೆ. ನನ್ನ ಕಾಲೇಜಿನ ಫೀಸು, ಮನೆ ಬಾಡಿಗೆ ಎಲ್ಲವೂ ಅವರ ದುಡಿಮೆಯಿಂದಲೇ ನಡೆಯುತ್ತದೆ. 18 ತುಂಬಿದ ಮೇಲೆ ನಿನ್ನನ್ನೂ ಒಳಗೆ ಹಾಕುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ನಾನು ಅಮ್ಮನ ಜೊತೆ ಇರುವುದು ತಪ್ಪೇ?

ವಕೀಲರು: ತಪ್ಪಲ್ಲ ತಮ್ಮಾ. ಆದರೆ ನಿನ್ನಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ; ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯಲ್ಲಿ, ಅದು ಗೊತ್ತಿದ್ದೂ, ಪೂರ್ತಿಯಾಗಿಯೋ ಭಾಗಶಃವೋ ಬದುಕುವ 18 ವರ್ಷ ಮೇಲ್ಪಟ್ಟ ಯಾರಿಗಾದರೂ 2 ವರ್ಷದವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಒಂದೇ ಮನೆಯಲ್ಲಿ ವಾಸವಿದ್ದರೆ, ತಾನು ಹಾಗೆ ಬದುಕುತ್ತಿಲ್ಲವೆಂದು ತೋರಿಸುವ ಹೊಣೆಯೂ ಆರೋಪಿಯ ಮೇಲೆಯೇ ಬೀಳುತ್ತದೆ. ತಲೆಹಿಡುಕರನ್ನು ಹಿಡಿಯಲು ಬರೆದ ಈ ಕಲಮಿನಲ್ಲಿ ಓದುವ ಮಗನಿಗೆ, ಹಾಸಿಗೆ ಹಿಡಿದ ಅಜ್ಜಿಗೆ ವಿನಾಯಿತಿಯೇ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಎಲೆ ಅಡಿಕೆ ಚೀಲವನ್ನು ಠಾಣೆಯ ಮೇಜಿನ ಮೇಲೆ ಸುರಿದಾಗ, ಸುಣ್ಣದ ಡಬ್ಬಿಯ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾಗಿ ಮಡಚಿದ ಹಾಸ್ಟೆಲ್ ಫೀಸಿನ ರಸೀದಿಯೊಂದು ಬಿತ್ತು. ಅದುವರೆಗೆ ಯಾವ ಬೈಗುಳಕ್ಕೂ ತಲೆ ತಗ್ಗಿಸದಿದ್ದ ಆ ತಾಯಿ, ರಸೀದಿಯಲ್ಲಿದ್ದ ಮಗನ ಹೆಸರನ್ನು ಗಟ್ಟಿಯಾಗಿ ಓದಿದೊಡನೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊಕದ್ದಮೆ ಆಗಲಿಲ್ಲ, ಬೆದರಿಕೆಯೇ ಸಾಕಾಯಿತು, ಮಗ ಊರು ಬಿಟ್ಟ. ಹೆಣ್ಣಿಗೆ ಶಿಕ್ಷೆಯಿಲ್ಲ ಎನ್ನುತ್ತಲೇ ಅವಳ ಸುತ್ತ ನಿಲ್ಲುವವರನ್ನೆಲ್ಲ ಅಪರಾಧಿಗಳನ್ನಾಗಿಸಿ ಅವಳನ್ನು ಒಂಟಿ ಮಾಡುವ ಕಾನೂನನ್ನು ನೈತಿಕವೆಂದು ನಾನು ಒಪ್ಪಲಾರೆ. ಇಬ್ಬರು ಹೆಂಗಸರು ಸುರಕ್ಷತೆಗಾಗಿ ಒಂದೇ ಕೋಣೆಯಲ್ಲಿ ವೃತ್ತಿ ನಡೆಸಿದರೂ ಅದು ವೇಶ್ಯಾಗೃಹವೆನಿಸುತ್ತದೆ.

ನಿನ್ನ ವಿದ್ಯಾರ್ಥಿವೇತನದ ಪತ್ರಗಳನ್ನು, ರಜೆಯಲ್ಲಿ ನೀನು ದುಡಿದ ಹಣದ ಲೆಕ್ಕವನ್ನು ಜೋಪಾನವಾಗಿಡು. ಠಾಣೆಗೆ ಕರೆದರೆ ವಕೀಲರಿಲ್ಲದೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಮಂಡ್ಯ: ನಮ್ಮ ಗುಂಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ. "100 ರೂಪಾಯಿ ಛಾಪಾ ಕಾಗದದಲ್ಲಿ ಸ್ವಇಚ್ಛೆಯ ಪ್ರಮಾಣಪತ್ರ ಬರೆಸಿ, ನೋಟರಿ ಮಾಡಿಸಿ ಇಟ್ಟುಕೊಂಡರೆ ಪೊಲೀಸರು ಮುಟ್ಟುವಂತಿಲ್ಲ. ಎಲ್ಲರಿಗೂ ಕಳಿಸಿ."

ವಕೀಲರು: ದಯವಿಟ್ಟು ಯಾರಿಗೂ ಕಳಿಸಬೇಡಿ. ಆ ಕಾಗದದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಎಷ್ಟೋ ಸಲ ಅದನ್ನು ಬರೆಸುವವನು ದಲ್ಲಾಳಿಯೇ ಆಗಿರುತ್ತಾನೆ, ಬಲವಂತವಾಗಿ ತಂದ ಹುಡುಗಿಯ ಸಹಿಯನ್ನೂ ಹೀಗೆಯೇ ಪಡೆಯುತ್ತಾನೆ.

ದಾವಣಗೆರೆ (ನಿವೃತ್ತ ಶಿಕ್ಷಕರು): ಕಷ್ಟ ಯಾರಿಗಿಲ್ಲ? ಕೂಲಿ ಮಾಡಿ ಮಕ್ಕಳನ್ನು ಓದಿಸಿದ ತಾಯಂದಿರಿಲ್ಲವೇ? ಇದನ್ನೂ ದುಡಿಮೆಯೆಂದು ಕರೆದರೆ ನಮ್ಮ ಸಂಸ್ಕೃತಿಯ ಗತಿಯೇನು?

ಬೆಳಗಾವಿ: ಸರ್, ನಮ್ಮ ದೊಡ್ಡವ್ವನಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದಾಗ ಊರ ಹಿರಿಯರು ಎದುರು ನಿಂತು ಅಕ್ಕಿಕಾಳು ಹಾಕಿದ್ದರು. ಅವರಲ್ಲಿ ಒಬ್ಬರೂ ಹಗಲಿನಲ್ಲಿ ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ. ರಾತ್ರಿ ಬಾಗಿಲು ಬಡಿಯುತ್ತಿದ್ದರು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರುವ ಹೊತ್ತಿಗೆ ಅವಳ ತಲೆ ನರೆತಿತ್ತು. ಸಂಸ್ಕೃತಿಯ ಮಾತನ್ನು ನಮ್ಮ ಮುಂದೆ ಆಡಬೇಡಿ.

ದಾವಣಗೆರೆ: ಅದು ಅನಿಷ್ಟ ಪದ್ಧತಿ, ನಾನೂ ಖಂಡಿಸುತ್ತೇನೆ. ಆದರೆ ಇಂದು ಇಷ್ಟಪಟ್ಟು ಹೋಗುವವರನ್ನು ಅದರೊಂದಿಗೆ ಬೆರೆಸಬೇಡಿ.

ಮೈಸೂರು: ಇಷ್ಟಪಟ್ಟು ಹೋಗುವ ಗಂಡಸರ ಬಗ್ಗೆ ನೀವು ಒಂದು ಮಾತನ್ನೂ ಆಡಲಿಲ್ಲವಲ್ಲ?

ದಾವಣಗೆರೆ: ಹಿರಿಯರೊಂದಿಗೆ ಮಾತಾಡುವ ರೀತಿ ಇದಲ್ಲ ತಾಯಿ.

ಮಂಗಳೂರು: ಸ್ವೀಡನ್ 1999ರಿಂದ ವೃತ್ತಿ ಮಾಡುವವಳನ್ನು ಬಿಟ್ಟು ಗಿರಾಕಿಯನ್ನು ಶಿಕ್ಷಿಸುತ್ತಿದೆ, ನ್ಯೂಜಿಲೆಂಡ್ 2003ರಲ್ಲಿ ವೃತ್ತಿಯನ್ನೇ ಅಪರಾಧದ ಪಟ್ಟಿಯಿಂದ ತೆಗೆಯಿತು. ನಮಗೆ ಯಾವುದು ಹೊಂದುತ್ತದೆ ಮೇಡಂ?

ಬೆಂಗಳೂರು: ನನ್ನ ಬಾಡಿಗೆದಾರರ ಮೇಲೆ ಅಕ್ಕಪಕ್ಕದವರಿಗೆ ಅನುಮಾನವಿದೆ. ಮನೆ ಬಿಡಿಸದಿದ್ದರೆ ನನ್ನ ಮೇಲೂ ಕೇಸು ಬರುತ್ತದೆಯೇ?

ಹಾಸನ: 2022ರಿಂದ ಇದು ಕಾನೂನುಬದ್ಧ ಅಲ್ಲವೇ?

ವಕೀಲರು: ಹಾಸನದವರು ಮೇಲಿನ ಉತ್ತರವನ್ನು ಓದಿ.

ದಾವಣಗೆರೆಯ ಹಿರಿಯರಿಗೆ: ಆ 2022ರ ಆದೇಶ ಹೊರಬಂದ ಪ್ರಕರಣದ ಮೂಲದಲ್ಲಿ 1999ರಲ್ಲಿ ಕೋಲ್ಕತ್ತದಲ್ಲಿ ಕೊಲೆಯಾದ ಒಬ್ಬ ಹೆಣ್ಣಿದ್ದಾಳೆ. ಕೊಂದವನ ಮೇಲ್ಮನವಿಯನ್ನು 2011ರಲ್ಲಿ ವಜಾ ಮಾಡುವಾಗ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು ಅವಳಂಥವರಿಗೂ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಒಬ್ಬ ಹೆಣ್ಣು ಈ ವೃತ್ತಿಗೆ ಬಂದಾಗ ಬಲವಂತವಿತ್ತೇ, ಮೋಸವಿತ್ತೇ, ಮಗುವಾಗಿದ್ದಳೇ ಎಂಬುದನ್ನು ವಿಚಾರಿಸಿ. ಅದು ನೀತಿಯ ಪ್ರಶ್ನೆ. ತಾಯಿ ಯಾಕೆ ಕೂಲಿಗೆ ಹೋಗಲಿಲ್ಲ ಎಂದು ನೀವು ಇಲ್ಲಿ ಕೇಳುತ್ತಿರುವುದನ್ನು, ಮೇಲೆ ಪ್ರಶ್ನೆ ಕೇಳಿದ ಅಂಥ ತಾಯಿಯ ಮಗ ಓದುತ್ತಿದ್ದಾನೆ ಎಂಬುದನ್ನಾದರೂ ನೆನಪಿಡಿ.

ದಾವಣಗೆರೆ: ನನಗೆ ಪಾಠದ ಅಗತ್ಯವಿಲ್ಲ. ನಾನು ಬಳಗದಿಂದ ಹೊರಡುತ್ತೇನೆ.

ಮಂಡ್ಯ: ಮೇಡಂ, ಛಾಪಾ ಕಾಗದ 500 ರೂಪಾಯಿಯದ್ದಾದರೆ?

ವಕೀಲರು: ಎಷ್ಟು ರೂಪಾಯಿಯದ್ದಾದರೂ ಇಲ್ಲ. ಇದರ ಬಗ್ಗೆ ಮತ್ತೆ ಕೇಳಬೇಡಿ.

ಅನಾಮಧೇಯ: ಮೇಡಂ, ಈ ಕಲಮಿನ ವಿಷಯವನ್ನು ಅಮ್ಮನಿಗೆ ಹೇಳಲೇ? ಗೊತ್ತಾದರೆ ನನ್ನನ್ನು ದೂರ ಕಳಿಸಿಬಿಡುತ್ತಾರೆ ಎಂದು ಭಯವಾಗುತ್ತಿದೆ.

ವಕೀಲರು: ಹೇಳು, ಆದರೆ ಒಬ್ಬನೇ ಹೇಳಬೇಡ. 15100ಕ್ಕೆ ಕರೆ ಮಾಡಿದರೆ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ವಿಳಾಸ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಅಮ್ಮನನ್ನು ಕರೆದುಕೊಂಡು ಹೋಗು. ಜೊತೆಯಲ್ಲಿಯೇ ಇರುವುದು ಹೇಗೆ ಎಂಬುದನ್ನೇ ಅಲ್ಲಿ ಮೊದಲು ಕೇಳಿ.