ರೀಮ್ಯಾಪ್ ಆದ ಮೇಲೆ ಬೆಟ್ಟ ಹತ್ತುವಾಗ ಎಳೆತ ಸತ್ತುಹೋಗುತ್ತದೆ, ಟರ್ಬೊ ಹೋಯ್ತಾ?

ಮೈಸೂರು. 1.0 ಲೀಟರ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಪೆಟ್ರೋಲ್ ಕಾರು, ಸ್ಟೇಜ್ 1 ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು), ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಹಾಕಿಸಿದ್ದೇನೆ. ಊರೊಳಗೆ ಆರಾಮಾಗಿ ಓಡುತ್ತದೆ. ಚಾಮುಂಡಿ ಬೆಟ್ಟದಲ್ಲಿ 3000 ಆರ್‌ಪಿಎಂ ದಾಟಿ ಜೋರಾಗಿ ಒತ್ತಿದರೆ ಬುಸ್ ಅಂತ ಸದ್ದು ಬಂದು ಪವರ್ ಬಿದ್ದುಹೋಗುತ್ತದೆ, ಚೆಕ್ ಎಂಜಿನ್ ದೀಪವೂ ಹತ್ತುತ್ತದೆ. ಕೋಡ್ ಪಿ0299. ಗ್ಯಾರೇಜಿನವರು ಟರ್ಬೊನೇ ಬದಲಿಸಿ ಅನ್ನುತ್ತಾರೆ.

ಉತ್ತರ 1
ಸುಮ್ನೆ ದುಡ್ಡು ಸುರಿಯಬೇಡಿ ಗುರು. ಆ ಕೋಡ್ ಅಂದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೇಳಿದಷ್ಟು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಬರುತ್ತಿಲ್ಲ ಅಂತ ಅಷ್ಟೇ. ಬುಸ್ ಸದ್ದು ಇದೆ ಅಂದಮೇಲೆ ಗಾಳಿ ಸೋರುತ್ತಿರಬೇಕು, ಅದರಲ್ಲೂ ಇಂಟರ್‌ಕೂಲರ್ ಬದಲಿಸಿದ ಗಾಡಿಯಲ್ಲಿ ಹೋಸ್ ಬಾಯಿಗೆ ಎಣ್ಣೆ ಪಸೆ ಅಂಟಿದ್ದರೆ ಕ್ಲ್ಯಾಂಪ್ ಇದ್ದರೂ ಬೂಸ್ಟ್ ಏರಿದಾಗ ಜಾರುತ್ತದೆ. ಒರೆಸಿ ಬಿಗಿ ಮಾಡಿಸಿ. ಐಡಲ್‌ನಲ್ಲಿ ಇದು ಗೊತ್ತಾಗಲ್ಲ, ಪೈಪುಗಳಿಗೆ ಗಾಳಿ ತುಂಬಿ ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟ್ ಮಾಡಿಸಿ.

ಉತ್ತರ 2
ಮಂಡ್ಯದಿಂದ. ಸೋರಿಕೆ ಸಿಗದಿದ್ದರೆ ವೇಸ್ಟ್‌ಗೇಟ್ (ಬೂಸ್ಟ್ ಹತೋಟಿಗೆ ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ಪೂರ್ತಿ ಮುಚ್ಚುತ್ತಾ ನೋಡಿ. ಇಸಿಯು ಕೇಳಿದ ಬೂಸ್ಟ್, ನಿಜವಾಗಿ ಬಂದ ಬೂಸ್ಟ್ ಎರಡೂ ಗಾಡಿ ಓಡುವಾಗ ಲಾಗ್ (ದಾಖಲು) ಆಗಲಿ. ಜರ್ಕ್ ಹೊಡೆದರೆ ಮಾತ್ರ ಸ್ಪಾರ್ಕ್ ಪ್ಲಗ್ ಗ್ಯಾಪ್ ನೋಡಿ, ಬೂಸ್ಟ್ ಜಾಸ್ತಿಯಾದರೆ ಕಿಡಿ ಆರುತ್ತದೆ. ಇದೆಲ್ಲ ಸರಿಯಾಗೋವರೆಗೆ ಮ್ಯಾಪ್ ಮುಟ್ಟಬೇಡಿ. ಸೋರುವ ಗಾಡಿಗೆ ಇನ್ನಷ್ಟು ಬೂಸ್ಟ್ ಕೇಳಿದರೆ ಟರ್ಬೊ ಅತಿ ವೇಗದಲ್ಲಿ ತಿರುಗಿ ನಿಜವಾಗಿಯೂ ಹಾಳಾಗುತ್ತದೆ. ಆಮೇಲೆ ಗ್ಯಾರೇಜಿನವರ ಮಾತೇ ನಿಜ ಆಗುತ್ತದೆ ಅಲ್ವಾ!

ಕೇಳಿದವರು
ಕೆಳಗಿನ ಹೋಸ್ ಬಾಯಲ್ಲಿ ಎಣ್ಣೆ ಇದೆ. ನಾಳೆ ಟೆಸ್ಟ್ ಮಾಡಿಸುತ್ತೇನೆ.