ಜೋರು ಮಾಡಿದರೆ ಬೆಂಚಿನಡಿ ಸೇರುವ ಹುಡುಗ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಈ ಜೂನ್‌ನಲ್ಲಿ ಸೇರಿದ್ದೇನೆ. ಐದನೇ ತರಗತಿ. ಹೊಸದಾಗಿ ಬಂದ ಒಬ್ಬ ಹುಡುಗನಿದ್ದಾನೆ. ಯಾರಾದರೂ ಸ್ವರ ಏರಿಸಿದರೆ ಬೆಂಚಿನಡಿ ಹೋಗಿ ಕೂರುತ್ತಾನೆ. ಹೊರಗೆ ಬಾ ಎಂದು ಕೈ ಹಿಡಿದರೆ ಕಚ್ಚಲು ಬರುತ್ತಾನೆ. ಕೆಲವು ದಿನ ಕಿಟಕಿ ಕಡೆ ನೋಡುತ್ತಾ ಕೂತರೆ ಹೆಸರು ಕರೆದರೂ ಕೇಳಿಸುವುದಿಲ್ಲ. ಮನೆಯಲ್ಲಿ ಏನೋ ದೊಡ್ಡ ಗಲಾಟೆಯಾಗಿ ಅಜ್ಜಿಮನೆಗೆ ಬಂದವನಂತೆ, ಯಾರೂ ಸರಿಯಾಗಿ ಹೇಳುವುದಿಲ್ಲ. "ಎರಡು ಪೆಟ್ಟು ಕೊಡಿ, ಇಲ್ಲದಿದ್ದರೆ ತಲೆ ಮೇಲೆ ಕೂರುತ್ತಾನೆ" ಎನ್ನುತ್ತಾರೆ ಸ್ಟಾಫ್ ರೂಮಿನಲ್ಲಿ. ನನಗೆ ಮನಸ್ಸು ಬರುತ್ತಿಲ್ಲ. ಆದರೆ ಉಳಿದ ಮಕ್ಕಳ ಪಾಠವೂ ನಡೆಯಬೇಕಲ್ವಾ? ಇಂಥ ಮಕ್ಕಳ ಜೊತೆ ಕೆಲಸ ಮಾಡಿದವರು ದಯವಿಟ್ಟು ಬರೆಯಿರಿ.

ಬದಿಯಡ್ಕ ಕಡೆಯ ಯುಪಿ (ಹಿರಿಯ ಪ್ರಾಥಮಿಕ) ಅಧ್ಯಾಪಕರೊಬ್ಬರು

ಟೀಚರ್, ನಿಮ್ಮ ಮನಸ್ಸು ಸರಿಯಾದ್ದನ್ನೇ ಹೇಳುತ್ತಿದೆ. ಅದನ್ನು ಬಿಡಬೇಡಿ.

ಇಂಥ ಮಕ್ಕಳ ವಿಷಯದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದು. ಅವನಿಗೆ ಹಿಂದೆ ಏನಾಯಿತು ಎಂದು ನಿಮಗೆ ತಿಳಿಯುವುದಕ್ಕಿಂತ, ಕ್ಲಾಸಿನಲ್ಲಿ ಮುಂದೆ ಏನಾಗುತ್ತದೆ ಎಂದು ಅವನಿಗೆ ತಿಳಿದಿರುವುದು ಮುಖ್ಯ. "ಹತ್ತಿರ ಕೂರಿಸಿಕೊಂಡು ಪ್ರೀತಿಯಿಂದ ಎಲ್ಲ ಕೇಳಿ" ಎಂದು ಬಹಳ ಜನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವನಿಗೆ ನಿಮ್ಮ ಪರಿಚಯವೇ ಇನ್ನೂ ಸರಿಯಾಗಿ ಆಗಿಲ್ಲ. ನೆನಪಾದರೆ ನಡುಗುವಂಥದ್ದನ್ನು ಬಿಚ್ಚಿ ಹೇಳು ಎಂದರೆ ಹೇಗೆ ಹೇಳಿಯಾನು?

ಹೆದರಿದ ಮೈ ಓಡುತ್ತದೆ, ಎದುರು ಬೀಳುತ್ತದೆ, ಇಲ್ಲವಾದರೆ ಮರಗಟ್ಟಿ ನಿಲ್ಲುತ್ತದೆ. ನೀವು ಬರೆದದ್ದರಲ್ಲಿ ಮೂರೂ ಇವೆ ನೋಡಿ: ಬೆಂಚಿನಡಿ ಸೇರುವುದು, ಕಚ್ಚಲು ಬರುವುದು, ಕಿಟಕಿ ನೋಡುತ್ತಾ ಕಿವಿ ಮುಚ್ಚಿಹೋಗುವುದು. ಆಗ ಅಡ್ರಿನಲಿನ್ ಏರಿ ಎದೆ ಡವಗುಟ್ಟುತ್ತಿರುತ್ತದೆ. ಯೋಚನೆ ಮಾಡಿ ಮಾತಾಡುವ ಶಕ್ತಿ ಆ ಗಳಿಗೆಗೆ ಕೈಯಲ್ಲಿರುವುದಿಲ್ಲ. "ಯಾಕೆ ಹೀಗೆ ಮಾಡಿದೆ?" ಎಂದು ಎಷ್ಟು ಕೇಳಿದರೂ ಉತ್ತರ ಬರುವುದಿಲ್ಲ. ಯಾಕೆಂದು ಅವನಿಗೂ ಗೊತ್ತಿರುವುದಿಲ್ಲ. ಅಮೆರಿಕದ ಮನೋವೈದ್ಯ ಬ್ರೂಸ್ ಪೆರಿ ಹೇಳುವ ಕ್ರಮ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಮೊದಲು ಮೈ ಶಾಂತವಾಗಲಿ, ಆಮೇಲೆ ನಂಟು ಬೆಳೆಯಲಿ, ಬುದ್ಧಿಮಾತು ಕೊನೆಗೆ. ಶಾಲೆಗಳಲ್ಲಿ ಹೆಚ್ಚಾಗಿ ಇದು ಉಲ್ಟಾ ನಡೆಯುತ್ತದೆ.

ನಾನು ಬೋರ್ಡಿನ ಮೂಲೆಯಲ್ಲಿ ಆ ದಿನದ ಪೀರಿಯಡ್‌ಗಳನ್ನು ಒಂದರ ಕೆಳಗೊಂದು ಬರೆದಿಡುತ್ತೇನೆ. ಒಂದು ಮುಗಿದ ಕೂಡಲೇ ಯಾರಾದರೊಬ್ಬ ಮಗು ಬಂದು ಅದನ್ನು ಒರೆಸುತ್ತದೆ. ಆರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬೆಳಿಗ್ಗೆ ಬಂದು ಬ್ಯಾಗು ಹೆಗಲಲ್ಲಿರುವಾಗಲೇ ಆ ಮೂಲೆ ನೋಡುತ್ತಿದ್ದಳು. ತುಟಿ ಅಲ್ಲಾಡಿಸುತ್ತಾ ಮೇಲಿಂದ ಕೆಳಗಿನವರೆಗೆ ಓದಿ, ಆಮೇಲೇ ಕೂರುವುದು. ಕಲೋತ್ಸವದ ಪ್ರಾಕ್ಟೀಸ್ ಶುರುವಾಗಿ ಟೈಮ್‌ಟೇಬಲ್ ಮೇಲೆಕೆಳಗಾದಾಗ ಅವಳ ಜಗಳ ಜಾಸ್ತಿಯಾಯಿತು. ಬದಲಾವಣೆ ಇದ್ದರೆ ಬೆಳಿಗ್ಗೆಯೇ ಬಣ್ಣದ ಚಾಕಿನಲ್ಲಿ ಬರೆಯತೊಡಗಿದೆ. ಜಗಳ ನಿಲ್ಲಲಿಲ್ಲ, ಆದರೆ ಎಷ್ಟೋ ಕಡಿಮೆಯಾಯಿತು. ನೀವು ರಜೆ ಹಾಕುವುದಿದ್ದರೆ, ತರಬೇತಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಿ. ನಾಳೆ ನಾನಿಲ್ಲ, ಇಂಥವರು ಬರುತ್ತಾರೆ, ನಾಡಿದ್ದು ನಾನು ಬರುತ್ತೇನೆ. ಹೇಳಿದ ದಿನ ಬನ್ನಿ.

ಅವನ ಬೆನ್ನು ಗೋಡೆಗಿರಲಿ, ಕಣ್ಣಿಗೆ ಬಾಗಿಲು ಕಾಣಲಿ. ಹಿಂದಿನಿಂದ ಹೋಗಿ ಹೆಗಲು ಮುಟ್ಟಬೇಡಿ, ಪ್ರೀತಿಯಿಂದಲೂ ಬೇಡ. ಡೆಸ್ಕಿಗೆ ಸ್ಕೇಲು ಬಡಿದು ಕ್ಲಾಸು ಸುಮ್ಮನಾಗಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅದರ ಬದಲು ತಾಳ ಹಾಕಿಸಿ. ನಮ್ಮ ಕಡೆ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಯಕ್ಷಗಾನ ಕಲಿಯುತ್ತಿರುತ್ತಾರೆ. ಏಕತಾಳವನ್ನು ಒಬ್ಬ ಶುರು ಮಾಡಿದರೆ ಕ್ಲಾಸಿಡೀ ಕೈ ಸೇರಿಸುತ್ತದೆ. ದೊಡ್ಡದಾಗಿ ಶುರುವಾಗಿ ಮೆಲ್ಲ ಮೆಲ್ಲ ಇಳಿಯಬೇಕು. ಊಟದ ಬಿಡುವು ಮುಗಿದು ಒಳಗೆ ಬಂದಾಗ ಇದು ಬಹಳ ಒಳ್ಳೆಯದು.

ಬೆಂಚಿನಡಿ ಹೋದರೆ ಎಳೆಯಬೇಡಿ. ಉಳಿದವರಿಗೆ ಬರೆಯಲು ಏನಾದರೂ ಕೊಟ್ಟು, ಸ್ವಲ್ಪ ದೂರದಲ್ಲಿ ನೆಲದಲ್ಲೇ ಕೂತುಕೊಳ್ಳಿ. ಎದುರಾಗಿ ಬೇಡ, ಓರೆಯಾಗಿ. "ನಾನಿಲ್ಲೇ ಇದ್ದೇನೆ, ಬರಬೇಕು ಅನಿಸಿದಾಗ ಬಾ." ಇಷ್ಟು ಸಾಕು. ಮನೆಮಾತು ತುಳುವೋ ಬ್ಯಾರಿಯೋ ಮಲಯಾಳವೋ ತಿಳಿದುಕೊಂಡು ಆ ಮಾತಿನಲ್ಲೇ ಹೇಳಿ. ತುಳುವಿನ ಮಗುವಿಗೆ "ಪೋಡ್ಯೊಡ್ಚಿ, ಬಲ" (ಹೆದರಬೇಡ, ಬಾ) ಎಂದರೆ ಬೇಗ ತಟ್ಟುತ್ತದೆ.

ತಲೆ ಮೇಲೆ ಕೂರುತ್ತಾನೆ ಎಂಬ ಮಾತಿಗೆ ಬರುತ್ತೇನೆ. ಕಚ್ಚಬಾರದು, ಹೊಡೆಯಬಾರದು ಎಂಬ ನಿಯಮ ಅವನಿಗೂ ಇದೆ, ಅದನ್ನು ಸಡಿಲ ಮಾಡಬೇಡಿ. ಆದರೆ ಆ ಮಾತು ಆಡುವುದು ಅವನು ತಣ್ಣಗಾದ ಮೇಲೆ, ಇಬ್ಬರೇ ಇರುವಾಗ. ಯಾರದ್ದಾದರೂ ಪುಸ್ತಕ ಹರಿದಿದ್ದರೆ ಅವನೇ ಗಮ್ ಹಚ್ಚಿ ಸರಿ ಮಾಡಿ ಕೊಡಲಿ. "ಅವನಿಗೆ ಮಾತ್ರ ಯಾಕೆ?" ಎಂದು ಉಳಿದವರು ಕೇಳಿಯೇ ಕೇಳುತ್ತಾರೆ. ಕಣ್ಣು ಮಂಜಾದವನಿಗೆ ಕನ್ನಡಕ ಕೊಟ್ಟರೆ ಎಲ್ಲರಿಗೂ ಕೊಡುತ್ತೇವಾ ಎಂದು ಕೇಳಿ, ಮಕ್ಕಳಿಗೆ ಅರ್ಥವಾಗುತ್ತದೆ. ಅವನ ಮನೆ ವಿಷಯ ಮಾತ್ರ ಎತ್ತಬೇಡಿ.

ಬೆತ್ತದ ಬಗ್ಗೆ ಸ್ಟಾಫ್ ರೂಮಿನಲ್ಲಿ ವಾದ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದಷ್ಟೇ ಹೇಳಿ.

ಎಣ್ಮಕಜೆ ಪಂಚಾಯತಿನ ಎಲ್‌ಪಿ (ಕಿರಿಯ ಪ್ರಾಥಮಿಕ) ಟೀಚರ್

ಮಾಸ್ಟ್ರು ಹೇಳಿದ್ದು ಗಲಾಟೆ ಮಾಡುವ ಮಕ್ಕಳ ಬಗ್ಗೆ. ಗಲಾಟೆ ಮಾಡದೆ ಸುಮ್ನೆ ಕೂರುವವರೂ ಇದ್ದಾರೆ, ಅವರನ್ನು ಯಾರೂ ಗಮನಿಸುವುದಿಲ್ಲ.

ನಮ್ಮ ಊರಿನ ಗೇರುತೋಟಗಳಿಗೆ 2000ನೇ ಇಸವಿವರೆಗೂ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಸುಪ್ರೀಂ ಕೋರ್ಟ್ ಅದಕ್ಕೆ ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಆ ವಿಷದಿಂದ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಗಳು ಈಗಲೂ ಇವೆ. ಆ ಮನೆಗಳಿಂದ ಗಟ್ಟಿಮುಟ್ಟಾದ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಒಬ್ಬಳು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದಳು. ರಾತ್ರಿ ಅಣ್ಣನಿಗೆ ಅಪಸ್ಮಾರ ಬಂದರೆ ಅಮ್ಮನ ಜೊತೆ ಇವಳೂ ಎದ್ದಿರುತ್ತಾಳೆ. ಅವಳು ಡೆಸ್ಕಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗಲು ಬಿಟ್ಟೆ. ಹೋಂವರ್ಕನ್ನು ಸಂಜೆ ಬೆಲ್ಲು ಹೊಡೆಯುವ ಮೊದಲೇ ನನ್ನ ಮೇಜಿನ ಹತ್ತಿರ ಮಾಡಿಸುತ್ತಿದ್ದೆ. ಬೇರೇನೂ ಮಾಡಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅವಳಾಗಿಯೇ ಕೈ ಎತ್ತಿ ಉತ್ತರ ಹೇಳತೊಡಗಿದಳು.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಶಾಲೆಗೆ ಅತಿಥಿಗಳು ಬಂದಾಗ "ಇವಳು ಸಂತ್ರಸ್ತರ ಮನೆಯವಳು" ಎಂದು ಎಬ್ಬಿಸಿ ನಿಲ್ಲಿಸಬೇಡಿ. ಫೋಟೋ ತೆಗೆಯಲು ಬಿಡಬೇಡಿ. ನಿಮ್ಮ ಹುಡುಗನಿಗೂ ಇದೇ. ಅಜ್ಜಿಮನೆಗೆ ಯಾಕೆ ಬಂದ ಎಂಬುದು ಪಿಟಿಎ ಮೀಟಿಂಗಿನ ಮಾತಾಗಬಾರದು.

ಅಂದಹಾಗೆ, ಬಾಲ್ಯದ ಕಷ್ಟಗಳಿಗೆ ಅಂಕ ಹಾಕುವ ಪ್ರಶ್ನಾವಳಿಯೊಂದು ತರಬೇತಿಗಳಲ್ಲಿ ಓಡಾಡುತ್ತಿದೆ. ಅದು ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಬಾಲ್ಯದಲ್ಲಿ ಕಷ್ಟ ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಯೂ ಹೆಚ್ಚು ಎಂದು ಸಾವಿರಾರು ಜನರನ್ನು ಕೇಳಿ ಕಂಡುಕೊಂಡರು. ಕೇಳಿದ್ದು ದೊಡ್ಡವರನ್ನು. ಅದನ್ನು ತಂದು ಹತ್ತು ವರ್ಷದ ಮಗುವಿಗೆ ಅಂಕ ಹಾಕುವುದು ಬೇಡವೇ ಬೇಡ.

ಕುಂಬಳೆ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ

ಇಬ್ಬರೂ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಬಿಟ್ಟುಹೋದದ್ದನ್ನು ಮಾತ್ರ ಸೇರಿಸುತ್ತೇನೆ.

ನೀವು ಟೀಚರ್, ಚಿಕಿತ್ಸೆ ಮಾಡುವವರಲ್ಲ. ಕೌನ್ಸೆಲರ್ ಸಿಗುವುದಾದರೆ ಅಜ್ಜಿಯನ್ನು ಒಪ್ಪಿಸಿ ಹುಡುಗನನ್ನು ತೋರಿಸಿ. ನಮ್ಮ ಕಡೆಯ ತೊಂದರೆ ನಿಮಗೆ ಗೊತ್ತೇ ಇದೆ, ಬರುವವರಿಗೆ ಬರೀ ಮಲಯಾಳ ಗೊತ್ತಿರಬಹುದು. ಆಗ ಹುಡುಗ ಒಪ್ಪಿದರೆ ಅವನಿಗೆ ಒಗ್ಗಿದ ಒಬ್ಬ ಟೀಚರ್ ಮಾತು ದಾಟಿಸಲು ಜೊತೆಗಿರಲಿ. ಸಂಬಂಧಿಕರು ಬೇಡ, ಅವರೆದುರು ಕೆಲವನ್ನು ಹೇಳಲಾಗುವುದಿಲ್ಲ. ನಿಮಗೇ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಮೈಮೇಲೆ ಗಾಯ ಕಂಡರೆ, ಮನೆಯಲ್ಲಿ ಈಗಲೂ ಹೊಡೆತ ನಡೆಯುತ್ತಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಎಚ್‌ಎಂಗೆ ಹೇಳಿದರೆ ನಿಮ್ಮ ಕೆಲಸ ಮುಗಿಯುವುದಿಲ್ಲ. ತಿಳಿಸದೆ ಕೂತರೆ ಅದೇ ಅಪರಾಧ. ಮಗು ತಾನಾಗಿ ಏನಾದರೂ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ, "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಅದೇ ದಿನ ಒಂದು ಹಾಳೆಯಲ್ಲಿ ತಾರೀಕು, ಹೊತ್ತು, ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡಿ. ನಿಮ್ಮ ಊಹೆಯನ್ನು ಅದರಲ್ಲಿ ಸೇರಿಸಬೇಡಿ.