ಒಂಬತ್ತನೆಯ ತರಗತಿಯಿಂದಲೇ ಕಸುಬು ಕಲಿಸಬೇಕೆ?

ಉದ್ಯಮಬಾಗದ ಟರ್ನರ್ (ಲೇತ್ ಯಂತ್ರದ ಕೆಲಸಗಾರ): ಬೆಳಗಾವಿ ಜಿಲ್ಲೆಯ ಪ್ರತಿ ತಾಲೂಕಿಗೂ ಒಂದು ಸರ್ಕಾರಿ ವೃತ್ತಿಶಿಕ್ಷಣ ಪ್ರೌಢಶಾಲೆ ಬೇಕು. ಇಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿಗಳಿವೆ, ಮಚ್ಛೆಯಲ್ಲಿ ಹೈಡ್ರಾಲಿಕ್ಸ್ ಕಾರ್ಖಾನೆಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ನಮ್ಮ ಹುಡುಗರಿಗೆ ಎಸ್ಸೆಸ್ಸೆಲ್ಸಿ ಮುಗಿದರೂ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಹಿಡಿಯಲು ಬರುವುದಿಲ್ಲ.

ಬೈಲಹೊಂಗಲದ ಶಿಕ್ಷಕಿ: ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ವೃತ್ತಿ ಕೋರ್ಸ್‌ಗಳು, ಈಗಾಗಲೇ ಇವೆ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತರಿಂದಲೇ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಕಲಿಸುತ್ತಾರೆ. ತೃತೀಯ ಭಾಷೆಯ ಬದಲು ತೆಗೆದುಕೊಳ್ಳಬಹುದು.

ಖಾನಾಪುರದ ಪಾಲಕ: ‘ತೃತೀಯ ಭಾಷೆಯ ಬದಲು’! ಮೋಸ ಇರುವುದೇ ಅಲ್ಲಿ. ಉಳ್ಳವರ ಮಕ್ಕಳಿಗೆ ಮೂರು ಭಾಷೆ, ಬಡವರ ಮಕ್ಕಳಿಗೆ ಎರಡು ಭಾಷೆ, ಒಂದು ಪಾನಾ (ಸ್ಪ್ಯಾನರ್).

ಟರ್ನರ್: ಪಾನಾ ಹಿಡಿದೇ ನಾನು ಮನೆ ಕಟ್ಟಿಸಿದ್ದೇನೆ. ಹಿಂದಿಯ ಪರೀಕ್ಷೆ ಬರೆಯದಿದ್ದರೆ ಯಾರ ಗಂಟು ಹೋಗುತ್ತದೆ?

ಪಾಲಕ: ಹೋಗುತ್ತದೆ. ಸೇನೆಯ ಮರಾಠಾ ಲಘು ಪದಾತಿದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಸೇನೆಗೆ, ರೈಲ್ವೆಗೆ ಹೊರಟ ಹುಡುಗನಿಗೆ ಹಿಂದಿ ಬೇಡವೇ?

ಶಿಕ್ಷಕಿ: ಸೇನೆಗೆ ಸೇರಿದ ನಮ್ಮ ಹುಡುಗರು ಹಿಂದಿ ಕಲಿತದ್ದು ಪಾಸಾಗಲು ಮಾಡಿದ ಬಾಯಿಪಾಠದಿಂದಲ್ಲ. ತೃತೀಯ ಭಾಷೆ ಎಂದರೆ ಹಿಂದಿ ಮಾತ್ರ ಎಂದು ನಿಮಗೆ ಹೇಳಿದವರಾರು?

ಪಾಲಕ: ಬೇರೆ ಭಾಷೆಗೆ ನಮ್ಮ ಕಡೆಯ ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ? ಪುಸ್ತಕದಲ್ಲಿರುವುದನ್ನು ನನಗೆ ಹೇಳಬೇಡಿ.

ಹುಕ್ಕೇರಿಯ ಡಿಪ್ಲೊಮಾ ವಿದ್ಯಾರ್ಥಿ: ಭಾಷೆಯ ಜಗಳ ಬಿಡಿ. 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ, ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲೇ ಇದೆ. 16ರ ಹುಡುಗನನ್ನು ಕುಲುಮೆಯ ಮುಂದೆ ನಿಲ್ಲಿಸುತ್ತೀರಾ? ಐಟಿಐ ಸಾಕು. ಎರಡು ವರ್ಷದ ಕೋರ್ಸ್ ಮುಗಿಸಿದರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಇದೆ.

ಟರ್ನರ್: ಕುಲುಮೆ ಎಂದು ನಾನೆಲ್ಲಿ ಹೇಳಿದೆ? ಡ್ರಾಯಿಂಗ್ ಓದುವುದು, ಅಳತೆ ತೆಗೆಯುವುದು, ಇಷ್ಟೇ ಕೇಳಿದ್ದು. 1961ರ ಅಪ್ರೆಂಟಿಸ್ ಕಾಯ್ದೆ 14 ವರ್ಷ ಸಾಕು ಎನ್ನುತ್ತದೆ.

ವಿದ್ಯಾರ್ಥಿ: ಅದೇ ಕಾಯ್ದೆ ಅಪಾಯಕಾರಿ ಕೈಗಾರಿಕೆಗೆ 18 ಎನ್ನುತ್ತದೆ. ಆ ಸಾಲನ್ನು ಏಕೆ ನುಂಗಿದಿರಿ?

ಪಾಲಕ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಟರ್ನರ್ ಅವರೇ, ನಿಮ್ಮ ಮಗ ಯಾವ ಶಾಲೆಯಲ್ಲಿ ಓದುತ್ತಾನೆ?

ಟರ್ನರ್: ಮಗನ ವಿಷಯ ಇಲ್ಲಿ ಬೇಡ.

ಪಾಲಕ: ಬೇಕೇ ಬೇಕು! ಬಡಗಿಯ ಮಗ ಬಡಗಿಯಾಗಲಿ ಎನ್ನುವವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾರೆ.

ಶಿಕ್ಷಕಿ: ಯಾರೂ ಒತ್ತಾಯಿಸುತ್ತಿಲ್ಲ, ಅದು ಆಯ್ಕೆ.

ಪಾಲಕ: ‘ಆಯ್ಕೆ’? ನಮ್ಮ ಕಡೆಯ ಶಾಲೆಯಲ್ಲಿ ಇರುವುದು ಎರಡೇ ಕೋರ್ಸ್. ಮಗಳು ವೈರಿಂಗ್ ಕಲಿಯುತ್ತೇನೆ ಎಂದಳು, ಬ್ಯೂಟಿಗೆ ಹೆಸರು ಬರೆದುಕೊಂಡರು.

ಟರ್ನರ್: ಹಾಗಾದರೆ ವೈರಿಂಗ್ ಕಲಿಸುವ ಶಾಲೆ ಕೇಳಿ. ಹಿಂದಿಯನ್ನೇಕೆ ಹಿಡಿದುಕೊಂಡು ಕುಳಿತಿದ್ದೀರಿ?